ಹಳದಿ ಪುಸ್ತಕದ ಹಿಂದಿನ ಕಥೆ

ಆಫ್ರಿಕದ ಅನೇಕ ದೇಶಗಳಿಗೆ ಹೊರಡುವವನ ಕೈಯಲ್ಲಿ ಎರಡು ಸಣ್ಣ ಪುಸ್ತಕಗಳಿರಬೇಕು. ಒಂದಕ್ಕೆ ಕಡುನೀಲಿ ರಟ್ಟು. ಅವನು ಯಾರು, ಯಾವ ದೇಶದ ಪ್ರಜೆ ಎಂಬುದನ್ನು ಅದು ಹೇಳುತ್ತದೆ. ಇನ್ನೊಂದರದು ಹಳದಿ ಬಣ್ಣ. ಅವನ ಮೈಯೊಳಗೆ ಯಾವ ರಕ್ಷೆ ಇದೆ ಎಂಬುದನ್ನು ಅದು ಹೇಳುತ್ತದೆ. ಮೊದಲನೆಯದು ಪಾಸ್‌ಪೋರ್ಟು. ಎರಡನೆಯದು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡುದಕ್ಕೆ ಸಾಕ್ಷಿಪತ್ರ. ಮೂವತ್ತೈದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ನನಗೆ ಪುಸ್ತಕಗಳ ವಿಷಯ ಒಂದಿಷ್ಟು ಗೊತ್ತು ಎಂಬ ಭ್ರಮೆಯಿತ್ತು. ಎರಡೆರಡು ಹಾಳೆಯ ಈ ಹಳದಿ ಪುಸ್ತಕದೊಳಗೆ ಅಷ್ಟು ದೊಡ್ಡ ಚರಿತ್ರೆ ಅಡಗಿದೆಯೆಂದು ಮಾತ್ರ ನಾನು ಎಣಿಸಿರಲಿಲ್ಲ.

ನನ್ನ ಮಗಳು ಮತ್ತು ಅಳಿಯ ನೈರೋಬಿಯಲ್ಲಿದ್ದಾರೆ. ಹೋದ ವರ್ಷ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೊರಟೆವು. ಟಿಕೆಟ್ಟು ಕೊಡಿಸಿದವರು ಎಲ್ಲವನ್ನೂ ವಿವರವಾಗಿ ಹೇಳಿದರು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಎಂದರು. ಕೀನ್ಯ ಸರ್ಕಾರ 2024ರ ಜನವರಿಯಿಂದ ವೀಸಾ ಎಂಬ ಮಾತನ್ನೇ ತೆಗೆದುಹಾಕಿದೆ, ಅದರ ಬದಲು ಪ್ರಯಾಣದ ಅನುಮತಿಯನ್ನು ಮನೆಯಲ್ಲೇ ಕುಳಿತು ಕಂಪ್ಯೂಟರಿನ ಮೂಲಕ ಪಡೆಯಬಹುದು ಎಂದರು. ಸೂಜಿಮದ್ದಿನ ಮಾತನ್ನು ಮಾತ್ರ ಮರೆತರು. ಹೊರಡುವುದಕ್ಕೆ ಒಂದು ವಾರ ಇರುವಾಗ ಮಗಳು ದೂರವಾಣಿಯಲ್ಲಿ "ಅಪ್ಪಾ, ಯೆಲ್ಲೋ ಕಾರ್ಡ್ ಆಯಿತಲ್ಲ?" ಎಂದು ಕೇಳಿದಳು. ಲಸಿಕೆ ಹಾಕಿಸಿಕೊಂಡ ಹತ್ತನೆಯ ದಿನದಿಂದ ಮಾತ್ರ ಆ ಪತ್ರಕ್ಕೆ ಬೆಲೆ. ಪ್ರಯಾಣವನ್ನು ಮುಂದೂಡದೆ ಗತ್ಯಂತರವಿರಲಿಲ್ಲ.

ಲಸಿಕೆಯ ಕೇಂದ್ರದಲ್ಲಿ ಇನ್ನೊಂದು ತೊಡಕು ಕಾದಿತ್ತು. ನನಗೆ ಅರವತ್ತಾರು, ನನ್ನ ಹೆಂಡತಿಗೆ ಅರವತ್ತೊಂದು. ಅರವತ್ತು ದಾಟಿದವರು ಈ ಲಸಿಕೆಯನ್ನು ಮೊದಲ ಬಾರಿಗೆ ಹಾಕಿಸಿಕೊಂಡಾಗ, ಅಪರೂಪಕ್ಕೆ, ತೀವ್ರವಾದ ತೊಂದರೆ ಆಗುವ ಸಂಭವ ಎಳೆಯರಿಗಿಂತ ಹೆಚ್ಚು. ಲಸಿಕೆಯಲ್ಲಿರುವುದು ಸತ್ತ ವಿಷಾಣುವಲ್ಲ. ಬಲಗುಂದಿಸಿದ, ಆದರೆ ಜೀವಂತವಾದ ವಿಷಾಣು. ವೈದ್ಯರು ಸಜ್ಜನರು. "ನೋಡಿ ಸಾರ್, ಯೋಚಿಸಿ ಹೇಳಿ. ಬೇಡವೆಂದರೆ ಹಾಕುವುದಿಲ್ಲ. ಆದರೆ ಹಿಂದಿರುಗಿ ಬಂದಾಗ ನಮ್ಮದೇ ವಿಮಾನನಿಲ್ದಾಣದಲ್ಲಿ ನಿಮ್ಮನ್ನು ಆರು ದಿನ ಪ್ರತ್ಯೇಕವಾಗಿ ಇರಿಸಿಯಾರು" ಎಂದರು. ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಸುಮಾರು ಅರ್ಧ ಗಂಟೆ ಕುಳಿತಿದ್ದೆವು. ಆ ಅರ್ಧ ಗಂಟೆಯಲ್ಲಿ ನನ್ನನ್ನು ಕಾಡಿದ ಪ್ರಶ್ನೆಗಳೇ ಈ ಭಾಷಣಕ್ಕೆ ಮೂಲ. ಮನುಷ್ಯ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು ಇಷ್ಟೆಲ್ಲ ಸಿದ್ಧತೆ ಯಾವಾಗ ಶುರುವಾಯಿತು? ಈ ಕಾಗದಗಳು ನಮ್ಮನ್ನು ಕಾಪಾಡುವುದಕ್ಕೆ ಹುಟ್ಟಿದುವೋ, ತಡೆಯುವುದಕ್ಕೆ ಹುಟ್ಟಿದುವೋ?

ಆಫ್ರಿಕದ ಹಾದಿಯ ಸಿದ್ಧತೆಗಳ ಬಗ್ಗೆ ನಮಗೆ ದೊರೆಯುವ ಹಳೆಯ ಬರಹಗಳಲ್ಲಿ ಸೊಗಸಾದದ್ದು ಇಬ್ನ್ ಬತೂತನದು. ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡು ಬರೆದಿಟ್ಟ ಆ ಮೊರಾಕ್ಕೋದ ಯಾತ್ರಿಕ ಕನ್ನಡಿಗರಿಗೆ ಅಪರಿಚಿತನಲ್ಲ. ಅವನು 1326ರಲ್ಲಿ ಈಜಿಪ್ಟಿನಿಂದ ಸಿರಿಯಕ್ಕೆ ಹೋಗುವಾಗ ಸಿನಾಯ್ ಮರಳುಗಾಡಿನ ಕತ್ಯಾ ಎಂಬ ಸುಂಕದ ಕಟ್ಟೆಯನ್ನು ದಾಟಿದ. ರಹದಾರಿ ಇಲ್ಲದೆ ಅತ್ತಲವರು ಇತ್ತ, ಇತ್ತಲವರು ಅತ್ತ ಸುಳಿಯುವಂತಿರಲಿಲ್ಲ. ರಾತ್ರಿಯಾಗುತ್ತಲೇ ಕಾವಲಿನ ಅರಬರು ದಾರಿಯ ಮರಳನ್ನೆಲ್ಲ ಒಂದು ಗುರುತೂ ಉಳಿಯದಂತೆ ಸವರಿಬಿಡುತ್ತಿದ್ದರು. ಬೆಳಗ್ಗೆ ಅಧಿಕಾರಿ ಬಂದು ನೋಡುವಾಗ ಹೆಜ್ಜೆಯ ಗುರುತೇನಾದರೂ ಕಂಡಿತೋ, ಕದ್ದು ದಾಟಿದವನನ್ನು ಹಿಡಿದು ತರುವ ಹೊಣೆ ಅದೇ ಅರಬರದು. ಇಂದಿನ ವಿಮಾನನಿಲ್ದಾಣದ ಯಂತ್ರಗಳು ಮಾಡುವ ಕೆಲಸವನ್ನು ಅಂದು ಮರಳು ಮಾಡುತ್ತಿತ್ತು.

ಇದಾದ ಇಪ್ಪತ್ತಾರು ವರ್ಷಗಳ ಮೇಲೆ, 1352ರಲ್ಲಿ, ಅದೇ ಇಬ್ನ್ ಬತೂತ ಸಹಾರವನ್ನು ದಾಟಿ ಮಾಲಿ ಸಾಮ್ರಾಜ್ಯಕ್ಕೆ ಹೊರಟ. ಸಿಜಿಲ್ಮಾಸ ಎಂಬ ಊರಿನಲ್ಲಿ ಒಂಟೆಗಳನ್ನು ಕೊಂಡು ಅವುಗಳಿಗೆ ನಾಲ್ಕು ತಿಂಗಳು ಮೇವು ಹಾಕಿ ಬಲಿಸಿದ. ಮರಳುಗಾಡಿನಲ್ಲಿ ಹೇನಿನ ಕಾಟ ವಿಪರೀತವಾದುದರಿಂದ ಪಾದರಸ ಹಚ್ಚಿದ ದಾರವನ್ನು ಜನ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರೆಂದು ಬರೆದಿದ್ದಾನೆ. ಉಪ್ಪಿನ ಹಲಗೆಗಳಿಂದಲೇ ಮನೆ ಕಟ್ಟಿದ್ದ ತಗಾಜಾ ಎಂಬ ಊರಿನಿಂದ ಮುಂದೆ ಹತ್ತು ದಿನ ನೀರಿಲ್ಲ. ಆಗ 'ತಕ್ಷೀಫ್' ಎಂಬುವನೊಬ್ಬನನ್ನು ನೂರು ಮಿತ್ಕಾಲ್ ಚಿನ್ನಕ್ಕೆ ಗೊತ್ತುಮಾಡಿಕೊಂಡರು. ಈತ ಒಬ್ಬಂಟಿಯಾಗಿ ಮುಂದೆ ನಡೆದು, ವಲಾತ ಎಂಬ ಊರಿನಲ್ಲಿರುವ ಪರಿಚಯದವರಿಗೆ ಪ್ರಯಾಣಿಕರ ಕಾಗದಗಳನ್ನು ತಲುಪಿಸಬೇಕು. ಕಾಗದ ಮುಟ್ಟಿದರೆ ಅವರು ನೀರು ಹೊತ್ತು ನಾಲ್ಕು ದಿನದ ದಾರಿ ಎದುರಿಗೆ ಬರುತ್ತಾರೆ. ತಕ್ಷೀಫ್ ದಾರಿಯಲ್ಲಿ ಸತ್ತರೆ ಹಿಂದೆ ಬರುತ್ತಿರುವ ಇಡೀ ತಂಡಕ್ಕೆ ಸಾವೇ ಗತಿ. ವೀಸಾ ಎಂದರೆ ಮೂಲತಃ ಇದೇ ಅಲ್ಲವೆ ಎಂದು ನನಗೆ ಅನಿಸುತ್ತದೆ. ನಾವು ಬರುತ್ತಿದ್ದೇವೆ ಎಂದು ಮುಂದಾಗಿ ತಿಳಿಸುವ ಒಂದು ಕಾಗದ. ಬನ್ನಿ ಎಂದು ನೀರು ಹಿಡಿದು ಎದುರುಗೊಳ್ಳುವ ಒಂದು ಮರ್ಯಾದೆ.

ಇಷ್ಟೆಲ್ಲ ಎಚ್ಚರವಹಿಸಿದವನೂ ಕಾಯಿಲೆಯಿಂದ ತಪ್ಪಿಸಿಕೊಳ್ಳಲಿಲ್ಲ. ಮಾಲಿಯ ರಾಜಧಾನಿಯನ್ನು ಸೇರಿದ ಹತ್ತು ದಿನಕ್ಕೆ, ನಮ್ಮ ಕೆಸುವಿನ ಗೆಡ್ಡೆಯಂಥ ಒಂದು ಗೆಡ್ಡೆಯ ಅಂಬಲಿ ಕುಡಿದು ಆರು ಮಂದಿಯೂ ಹಾಸಿಗೆ ಹಿಡಿದರು, ಒಬ್ಬ ತೀರಿಕೊಂಡ. ಸೋಂಪಿನ ಜೊತೆ ಬೆರೆಸಿ ಕೊಟ್ಟ ಒಂದು ವಿರೇಚಕದಿಂದ ಇಬ್ನ್ ಬತೂತ ಬದುಕಿಕೊಂಡನಾದರೂ ಎರಡು ತಿಂಗಳು ನರಳಿದ. ಮಲೆನಾಡಿನವನಾದ ನನಗೆ ಕೆಸುವಿನ ಈ ಪ್ರಸಂಗವನ್ನು ಓದಿದಾಗಲೆಲ್ಲ ನಾಲಗೆ ತುರಿಸಿದಂತಾಗುತ್ತದೆ.

ಯುರೋಪಿನವರು ಆಫ್ರಿಕದ ಒಳನಾಡಿಗೆ ನುಗ್ಗಲು ಹೊರಟಾಗ ಅವರನ್ನು ತಡೆದದ್ದು ಸೈನ್ಯಗಳಿಗಿಂತ ಹೆಚ್ಚಾಗಿ ಜ್ವರ. ಮುಂಗೋ ಪಾರ್ಕ್ 1805ರಲ್ಲಿ ಸುಮಾರು ನಲವತ್ತು ಬಿಳಿಯರೊಡನೆ ನೈಜರ್ ನದಿಯನ್ನು ಹುಡುಕಿಕೊಂಡು ಹೊರಟ. ನದಿಯ ದಡ ಮುಟ್ಟುವ ಹೊತ್ತಿಗೆ ಹನ್ನೊಂದು ಮಂದಿ ಉಳಿದಿದ್ದರು. ಮರುವರ್ಷ ಅವನೂ ಅದೇ ನದಿಯಲ್ಲಿ ಮಡಿದ. 1841ರಲ್ಲಿ ಬ್ರಿಟಿಷ್ ಸರ್ಕಾರ ಮೂರು ಉಗಿಹಡಗುಗಳ ದೊಡ್ಡ ತಂಡವನ್ನೇ ನೈಜರ್ ನದಿಗೆ ಕಳಿಸಿತು. ಹೋದ ಸುಮಾರು 145 ಯುರೋಪಿಯನ್ನರಲ್ಲಿ 130 ಮಂದಿಗೆ ಜ್ವರ ಬಂತು, ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ಪಶ್ಚಿಮ ಆಫ್ರಿಕಕ್ಕೆ ಬಿಳಿಯರ ಗೋರಿ ಎಂಬ ಹೆಸರು ಬಂದದ್ದು ಹೀಗೆ.

ಇದನ್ನು ಬದಲಾಯಿಸಿದ್ದು ಒಂದು ಮರದ ತೊಗಟೆ. ದಕ್ಷಿಣ ಅಮೆರಿಕದ ಸಿಂಕೋನ ತೊಗಟೆಯಿಂದ 1820ರಲ್ಲಿ ಇಬ್ಬರು ಫ್ರೆಂಚ್ ರಸಾಯನಜ್ಞರು ಕ್ವಿನೀನನ್ನು ಬೇರ್ಪಡಿಸಿದರು. 1854ರಲ್ಲಿ ಬೈಕಿ ಎಂಬ ವೈದ್ಯ ಅದೇ ನೈಜರ್ ನದಿಗೆ ಇನ್ನೊಂದು ಹಡಗನ್ನು ಕರೆದೊಯ್ದ. ಜ್ವರ ಬಂದ ಮೇಲೆ ಕ್ವಿನೀನ್ ಕೊಡುವುದು ಆವರೆಗಿನ ರೂಢಿ. ಇವನು ಜ್ವರ ಬರುವುದಕ್ಕೆ ಮೊದಲೇ ದಿನವೂ ಎಲ್ಲರಿಗೂ ಕೊಟ್ಟ. ತಿಂಗಳುಗಟ್ಟಲೆ ನದಿಯಲ್ಲಿದ್ದು ಬಂದರೂ ಒಬ್ಬನೂ ಜ್ವರಕ್ಕೆ ಸಾಯಲಿಲ್ಲ. ಆಫ್ರಿಕಕ್ಕೆ ಹೊರಡುವ ಮುಂಚೆಯೇ ಮಾತ್ರೆ ಶುರುಮಾಡಿ, ಹಿಂದಿರುಗಿ ಬಂದ ಮೇಲೂ ಕೆಲವು ಕಾಲ ಮುಂದುವರಿಸಿರಿ ಎಂದು ವೈದ್ಯರು ಇಂದಿಗೂ ಹೇಳುವುದರ ಬೀಜ ಇಲ್ಲಿದೆ. 1860ರ ದಶಕದಲ್ಲಿ ನಮ್ಮ ಪಕ್ಕದ ನೀಲಗಿರಿಯಲ್ಲಿ ಸಿಂಕೋನ ತೋಟಗಳು ಎದ್ದದ್ದೂ ಈ ಕಹಿಮದ್ದಿಗಾಗಿಯೇ.

ಮದ್ದಿನ ಪೆಟ್ಟಿಗೆ ಎಂದರೆ ಆ ಕಾಲದ ಯಾತ್ರಿಕನಿಗೆ ಏನೆಂಬುದನ್ನು ಲಿವಿಂಗ್‌ಸ್ಟನ್ನನ ಬಾಳಿನಿಂದ ತಿಳಿಯಬಹುದು. ಕ್ವಿನೀನಿಗೆ ಕೆಲವು ವಿರೇಚಕಗಳನ್ನು ಕೂಡಿಸಿ ಅವನು ತನ್ನದೇ ಗುಳಿಗೆಯೊಂದನ್ನು ಮಾಡಿಕೊಂಡಿದ್ದ. ಆದರೂ ಅವನ ಹೆಂಡತಿ ಮೇರಿ 1862ರಲ್ಲಿ ಜಾಂಬೆಜಿ ನದಿಯ ದಡದಲ್ಲಿ ಜ್ವರದಿಂದ ತೀರಿಕೊಂಡಳು. 1867ರ ಜನವರಿಯಲ್ಲಿ ಅವನ ಔಷಧದ ಪೆಟ್ಟಿಗೆ ಕಳುವಾಯಿತು. ತನಗೆ ಮರಣದಂಡನೆ ವಿಧಿಸಿದಂತಾಯಿತು ಎಂಬ ಭಾವ ಅಂದು ಅವನಲ್ಲಿ ಮೂಡಿತು. ಹಾಗೆಂದರೂ ಆರು ವರ್ಷ ನಡೆದ. 1873ರಲ್ಲಿ ಅವನು ಸತ್ತಾಗ ದೇಹವನ್ನು ಹೊತ್ತು ತಿಂಗಳುಗಟ್ಟಲೆ ನಡೆದು ಕರಾವಳಿಗೆ ಮುಟ್ಟಿಸಿದ ಆಫ್ರಿಕನ್ನರಲ್ಲಿ ಜೇಕಬ್ ವೈನ್‌ರೈಟ್ ಎಂಬುವನೊಬ್ಬ. ಗುಲಾಮಗಿರಿಯಿಂದ ಬಿಡಿಸಲ್ಪಟ್ಟು, ನಮ್ಮ ನಾಸಿಕದ ಬಳಿಯ ಮಿಷನ್ ಶಾಲೆಯಲ್ಲಿ ಓದು ಕಲಿತವನು ಆತ. ಅವನ ಬಳಿ ಯಾವ ಪಾಸ್‌ಪೋರ್ಟ್ ಇದ್ದೀತು!

ಇನ್ನು ರೊನಾಲ್ಡ್ ರಾಸ್. ಈ ಸೈನ್ಯದ ವೈದ್ಯ 1883ರಲ್ಲಿ ಬೆಂಗಳೂರಿನಲ್ಲಿದ್ದ. ತನ್ನ ಕಿಟಕಿಯ ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಸೊಳ್ಳೆಗಳು ಹುಟ್ಟುವುದನ್ನು ಗಮನಿಸಿದ. ನೀರನ್ನು ಚೆಲ್ಲಿದಾಗ ಕಾಟ ಕಡಿಮೆಯಾಯಿತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಪರಾವಲಂಬಿಯನ್ನು ಕಂಡುಹಿಡಿದ. ಎರಡೇ ವರ್ಷದಲ್ಲಿ, 1899ರಲ್ಲಿ, ಸಿಯರಾ ಲಿಯೋನಿನ ಫ್ರೀಟೌನಿಗೆ ಹೋಗಿ ಅಲ್ಲಿಯ ಸೊಳ್ಳೆಗಳ ಬೆನ್ನು ಹತ್ತಿದ. ಬೆಂಗಳೂರಿನ ಒಂದು ತೊಟ್ಟಿಯ ನೀರಿಗೂ ಆಫ್ರಿಕದ ಕರಾವಳಿಗೂ ಹೀಗೊಂದು ನಂಟು.

ಆದರೆ ಈ ಅರಿವಿನ ಫಲ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗಲಿಲ್ಲ. ಸೊಳ್ಳೆಯಿಂದ ಜ್ವರ ಬರುತ್ತದೆ ಎಂದು ತಿಳಿದ ಮೇಲೆ ಫ್ರೀಟೌನಿನ ಆಡಳಿತ ಮಾಡಿದ ಒಂದು ಏರ್ಪಾಡೆಂದರೆ, 1904ರಲ್ಲಿ ಊರಿನ ಮೇಲಣ ಗುಡ್ಡದಲ್ಲಿ ಯುರೋಪಿಯನ್ನರಿಗೆ ಮಾತ್ರ ಎಂದು ಒಂದು ಬಡಾವಣೆ ಕಟ್ಟಿ, ಅಲ್ಲಿಗೊಂದು ರೈಲನ್ನು ಹಾಕಿದ್ದು. ಕೆಳಗಿನ ಊರಿನವರಿಗೆ ಸೊಳ್ಳೆಗಳು ಉಳಿದುವು. ಆರೋಗ್ಯ ಎಂಬ ಮಾತು ಬೇಲಿ ಹಾಕುವುದಕ್ಕೂ ಒದಗುತ್ತದೆ ಎಂಬುದನ್ನು ನಾವು ಇಲ್ಲಿ ಕಾಣುತ್ತೇವೆ.

ಇದಕ್ಕಿಂತ ಕಟುವಾದ ಉದಾಹರಣೆ ನಮ್ಮವರಿಗೇ ಆದದ್ದು. 1896ರ ಡಿಸೆಂಬರ್ 18ರಂದು ಮುಂಬಯಿಯ ಕಡೆಯಿಂದ ಕೂರ್‌ಲ್ಯಾಂಡ್, ನಾದೆರಿ ಎಂಬ ಎರಡು ಹಡಗುಗಳು ಡರ್ಬನ್ ಬಂದರಿಗೆ ಬಂದುವು. ಎರಡರಲ್ಲೂ ಸೇರಿ ಸುಮಾರು ಎಂಟುನೂರು ಭಾರತೀಯರು. ಕೂರ್‌ಲ್ಯಾಂಡಿನಲ್ಲಿ ಹೆಂಡತಿ ಮಕ್ಕಳೊಡನೆ ಬಂದ ಇಪ್ಪತ್ತೇಳು ವರ್ಷದ ವಕೀಲರೊಬ್ಬರು ಇದ್ದರು. ಮುಂಬಯಿಯಲ್ಲಿ ಆಗ ಪ್ಲೇಗು ಕಾಲಿಟ್ಟಿದ್ದುದು ನಿಜ. ಆದ್ದರಿಂದ ಕ್ವಾರಂಟೀನು ವಿಧಿಸಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಹಡಗಿನಲ್ಲಿ ಯಾರಿಗೂ ಪ್ಲೇಗಿರಲಿಲ್ಲ. ಆದರೂ ಅವಧಿ ಬೆಳೆಯುತ್ತ ಹೋಯಿತು. ದಡದ ಮೇಲೆ ಬಿಳಿಯರು ಸಭೆ ಸೇರಿಸಿ, ಇವರೆಲ್ಲ ಬಂದ ದಾರಿಗೇ ಸುಂಕವಿಲ್ಲವೆಂದು ಹಿಂದಿರುಗಲಿ ಎಂದು ಬೆದರಿಕೆ ಹಾಕುತ್ತಿದ್ದರು. ಮೂರು ವಾರಕ್ಕೂ ಹೆಚ್ಚು ಕಾಲ ಕಡಲಿನಲ್ಲೇ ನಿಂತ ಪ್ರಯಾಣಿಕರು 1897ರ ಜನವರಿ 13ರಂದು ಇಳಿದರು. ಅಂದು ಸಂಜೆ ಆ ವಕೀಲರನ್ನು ಗುಂಪೊಂದು ಬೀದಿಯಲ್ಲಿ ಹೊಡೆದು ಕೆಡವಿತು. ಪೊಲೀಸ್ ಸೂಪರಿಂಟೆಂಡೆಂಟರ ಹೆಂಡತಿ ತನ್ನ ಕೊಡೆಯನ್ನು ಬಿಚ್ಚಿ ಅಡ್ಡ ನಿಂತುದರಿಂದ ಅವರು ಉಳಿದರು. ಅವರು ಮೋಹನದಾಸ ಗಾಂಧಿ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಅದೇ 1897ರಲ್ಲಿ ನಟಾಲಿನ ಶಾಸನಸಭೆ ಕ್ವಾರಂಟೀನಿನ ಕಾನೂನನ್ನೂ ವಲಸೆ ತಡೆಯುವ ಕಾನೂನನ್ನೂ ಒಟ್ಟೊಟ್ಟಿಗೆ ತಂದಿತು. ಎರಡನೆಯದರ ಪ್ರಕಾರ ಒಳಗೆ ಬರುವವನಿಗೆ ಯುರೋಪಿನ ಒಂದು ಭಾಷೆ ಬರೆಯಲು ಬರಬೇಕು. ಪಂಪನನ್ನು ಕಂಠಪಾಠ ಮಾಡಿದವನಾದರೂ ಡರ್ಬನ್ನಿನ ಬಾಗಿಲಲ್ಲಿ ನಿರಕ್ಷರಕುಕ್ಷಿಯೇ!

ಬೆರಳಚ್ಚಿನ ಕಥೆಯೂ ಹೀಗೆಯೇ ನಮ್ಮಲ್ಲಿಂದ ಅಲ್ಲಿಗೆ ಹೋದದ್ದು. ಬೆರಳಿನ ಗೆರೆಗಳನ್ನು ವರ್ಗೀಕರಿಸುವ ಕ್ರಮವನ್ನು ಕಲ್ಕತ್ತೆಯಲ್ಲಿ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಅಧಿಕಾರಿಗಳು ರೂಪಿಸಿದರು. ಹೆಸರು ಮಾತ್ರ ಹೆನ್ರಿಯದಾಯಿತು. 1900ರಲ್ಲಿ ಹೆನ್ರಿಯನ್ನು ದಕ್ಷಿಣ ಆಫ್ರಿಕಕ್ಕೆ ಪೊಲೀಸ್ ವ್ಯವಸ್ಥೆಗಾಗಿ ಕಳಿಸಿದರು. ಕೆಲವೇ ವರ್ಷಗಳಲ್ಲಿ ಟ್ರಾನ್ಸ್‌ವಾಲಿನ ಭಾರತೀಯರು ಹತ್ತೂ ಬೆರಳು ಒತ್ತಿದ ಚೀಟಿಯನ್ನು ಸದಾ ಇಟ್ಟುಕೊಂಡಿರಬೇಕೆಂಬ ಕಾನೂನು ಬಂತು. 1908ರ ಆಗಸ್ಟ್ 16ರಂದು ಜೊಹಾನೆಸ್‌ಬರ್ಗಿನ ಹಮೀದಿಯಾ ಮಸೀದಿಯ ಅಂಗಳದಲ್ಲಿ ದೊಡ್ಡ ಕಡಾಯಿಯೊಂದರಲ್ಲಿ ಸುಮಾರು ಎರಡು ಸಾವಿರ ಚೀಟಿಗಳನ್ನು ಹಾಕಿ, ಸೀಮೆಎಣ್ಣೆ ಸುರಿದು ಸುಟ್ಟರು. ಸತ್ಯಾಗ್ರಹದ ಚರಿತ್ರೆಯಲ್ಲಿ ಆ ಬೆಂಕಿಗೆ ಒಂದು ಸ್ಥಾನವಿದೆ. ಆಫ್ರಿಕನ್ನರ ಪಾಡು ಇದಕ್ಕಿಂತ ಹೀನ. ಅವರ ಪಾಸ್ ಪುಸ್ತಕದ ವಿರುದ್ಧ ಶಾರ್ಪ್‌ವಿಲ್ಲಿನಲ್ಲಿ ನೆರೆದಿದ್ದ ಜನರ ಮೇಲೆ 1960ರ ಮಾರ್ಚ್ 21ರಂದು ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಆ ಕಾನೂನುಗಳು ರದ್ದಾದುದು 1986ರಲ್ಲಿ. ದಕ್ಷಿಣ ಆಫ್ರಿಕಕ್ಕೆ ಈ ಪಾಸ್‌ಪೋರ್ಟು ಸಲ್ಲದು ಎಂಬ ಷರಾ ದಶಕಗಳ ಕಾಲ ನಮ್ಮ ಭಾರತದ ಪಾಸ್‌ಪೋರ್ಟಿನಲ್ಲಿ ಇರುತ್ತಿತ್ತು. ಪ್ರಯಾಣವನ್ನು ತಡೆಯುವ ಮಾತೊಂದು ಮಾನವಾದ ಮಾತಾಗಬಹುದೆಂಬುದಕ್ಕೆ ನನಗೆ ಗೊತ್ತಿರುವ ನಿದರ್ಶನ ಅದು.

ಈಗ ಹಳದಿ ಪುಸ್ತಕಕ್ಕೆ ಬರುತ್ತೇನೆ. ಹಳದಿ ಜ್ವರ ಸೊಳ್ಳೆಯಿಂದ ಹರಡುತ್ತದೆ ಎಂಬುದು 1900ರ ಸುಮಾರಿಗೆ ಕ್ಯೂಬಾದಲ್ಲಿ ಸಿದ್ಧವಾಗಿತ್ತು. ಆದರೆ ರೋಗಾಣು ಯಾವುದೆಂದು ತಿಳಿದಿರಲಿಲ್ಲ. 1927ರಲ್ಲಿ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇಂದಿನ ಘಾನದಲ್ಲಿ, ಅಸಿಬಿ ಎಂಬ ಆಫ್ರಿಕನ್ ಯುವಕನಿಗೆ ಈ ಜ್ವರ ಬಂತು. ಅವನ ರಕ್ತದ ಒಂದಿಷ್ಟನ್ನು ವಿಜ್ಞಾನಿಗಳು ಕೋತಿಗಳಿಗೆ ಚುಚ್ಚಿದರು. ಆಫ್ರಿಕದ ಕೋತಿಗಳಿಗೆ ಈ ರೋಗ ಬಾಧಿಸುತ್ತಿರಲಿಲ್ಲ. ನಮ್ಮ ಉತ್ತರ ಭಾರತದ ಊರೂರಲ್ಲಿ ಕಾಣುವ ರೀಸಸ್ ಜಾತಿಯ ಕೋತಿ ಕಾಯಿಲೆ ಬಿದ್ದು ಸತ್ತಿತು. ಕೈಗೆ ಸಿಗದಿದ್ದ ವಿಷಾಣು ಅಂದು ಸಿಕ್ಕಿತು. ಅಸಿಬಿ ಗುಣಹೊಂದಿದ. ಬದುಕಿ ಉಳಿಯದವರು ಆ ವಿಜ್ಞಾನಿಗಳು. ತಂಡದ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಳದಿ ಜ್ವರದಿಂದಲೇ ತೀರಿಕೊಂಡ. ತನ್ನ ಹಳೆಯ ಸಿದ್ಧಾಂತ ಸರಿಯೋ ತಪ್ಪೋ ನೋಡಿಯೇಬಿಡಬೇಕೆಂದು ಅಕ್ರಾಕ್ಕೆ ಬಂದ ಜಪಾನಿನ ಹಿದೆಯೊ ನೋಗುಚಿ 1928ರ ಮೇ ತಿಂಗಳಲ್ಲಿ ಸತ್ತ. ಅವನಿಗೆ ನೆರವಾಗಿದ್ದ ವಿಲಿಯಂ ಯಂಗ್ ಕೆಲವೇ ದಿನಗಳಲ್ಲಿ ಅವನನ್ನು ಹಿಂಬಾಲಿಸಿದ.

ಅಸಿಬಿಯ ರಕ್ತದಿಂದ ಬಂದ ಆ ವಿಷಾಣುವನ್ನೇ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸಮಾಡುತ್ತಿದ್ದ ಮ್ಯಾಕ್ಸ್ ಥೈಲರ್ ಮತ್ತು ಸಂಗಡಿಗರು ಕೋಳಿಯ ಭ್ರೂಣದ ಅಂಗಾಂಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಬಲಗುಂದಿಸಿದರು. 1937ರಲ್ಲಿ ಲಸಿಕೆ ಸಿದ್ಧವಾಯಿತು. ಅದರ ಹೆಸರು 17ಡಿ. ಥೈಲರನಿಗೆ 1951ರ ನೊಬೆಲ್ ಪಾರಿತೋಷಕ ಬಂತು. ಇಂದಿಗೂ ಜಗತ್ತಿನಲ್ಲಿ ಹಾಕುವ ಹಳದಿ ಜ್ವರದ ಲಸಿಕೆ ಆ ವಂಶದ್ದೇ. ನಮ್ಮ ಕಸೌಲಿಯ ಸಂಶೋಧನಾಲಯದಲ್ಲಿ ತಯಾರಾದದ್ದೂ ಆ ಬಳಗಕ್ಕೇ ಸೇರಿದ್ದು. ಥೈಲರನ ಹೆಸರು ವಿಶ್ವಕೋಶಗಳಲ್ಲಿದೆ. ಅಸಿಬಿಯ ಹೆಸರು ವಿಷಾಣುವಿನ ತಳಿಗೆ ಅಂಟಿಕೊಂಡು ಪ್ರಯೋಗಶಾಲೆಯ ಸೀಸೆಗಳ ಮೇಲೆ ಉಳಿದಿದೆ.

ಭಾರತದಲ್ಲಿ ಹಳದಿ ಜ್ವರ ಎಂದೂ ನೆಲೆಯೂರಿಲ್ಲ. ಹಾಗಾದರೆ ನಮ್ಮ ಸರ್ಕಾರ ಈ ವಿಷಯದಲ್ಲಿ ಇಷ್ಟು ಬಿಗಿಯೇಕೆ? ಕಾರಣ ಸರಳ. ರೋಗವನ್ನು ಹೊರುವ ಸೊಳ್ಳೆ ನಮ್ಮ ಮನೆಯ ಹೂಕುಂಡದಲ್ಲಿಯೇ ಇದೆ. ಡೆಂಗೆಯನ್ನು ಹರಡುವುದೂ ಅದೇ. ನಮ್ಮ ಕೋತಿಗಳು ಈ ವಿಷಾಣುವನ್ನು ತಾಳಲಾರವೆಂದು 1927ರಲ್ಲಿಯೇ ಗೊತ್ತಾಗಿದೆ. ನಮ್ಮ ಜನರ ಮೈಯಲ್ಲಿ ಪ್ರತಿರೋಧವಿಲ್ಲ. ಒಂದು ಕಿಡಿ ಬಿದ್ದರೆ ಸಾಕು, ಒಣಹುಲ್ಲಿನ ಬಣವೆ. ಸೋಂಕು ತಗುಲಿದವನಲ್ಲಿ ಮೂರರಿಂದ ಆರು ದಿನದೊಳಗೆ ರೋಗ ಕಾಣಿಸಿಕೊಳ್ಳುವುದರಿಂದ ಪ್ರತ್ಯೇಕವಾಸ ಆರು ದಿನ.

ಈ ಭಯ ಒಮ್ಮೆ ನಮ್ಮ ಊರ ಬಾಗಿಲಿಗೇ ಬಂದಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದುವು. ಕಾಡಿಗೆ ಹೋಗಿಬರುತ್ತಿದ್ದ ಹಳ್ಳಿಗರಿಗೆ ವಿಪರೀತ ಜ್ವರ. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿರುವ ಸುದ್ದಿ ಕೇಳಿ ಪುಣೆಯ ವಿಷಾಣು ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಸಂಶಯ ಹಳದಿ ಜ್ವರದ್ದೇ: ಕಡೆಗೂ ಅದು ಭಾರತಕ್ಕೆ ಬಂದುಬಿಟ್ಟಿತೆ? ಪರೀಕ್ಷಿಸಿದಾಗ ಅದು ಉಣ್ಣೆಯಿಂದ ಹರಡುವ, ಜಗತ್ತಿಗೆ ಹೊಸದಾದ ಬೇರೊಂದು ವಿಷಾಣುವೆಂದು ತಿಳಿಯಿತು. ಅದೇ ನಮ್ಮ ಮಂಗನ ಕಾಯಿಲೆ. ನಾನು ಹುಟ್ಟುವ ಮುಂಚಿನ ಮಾತು ಅದು. ಕಾಡಿನ ದಾರಿಯಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡ ಎಂದು ನನ್ನ ತಾಯಿ ನನ್ನ ಬಾಲ್ಯದುದ್ದಕ್ಕೂ ಹೇಳುತ್ತಿದ್ದರು. ಆ ಎಚ್ಚರಿಕೆಗೂ ಅಕ್ರಾದ ಆ ಸಾವುಗಳಿಗೂ ಸಂಬಂಧವಿದೆಯೆಂದು ತಿಳಿಯಲು ನಾನು ಅರವತ್ತಾರು ವರ್ಷದವನಾಗಬೇಕಾಯಿತು.

ಕಾಗದಗಳು ಒಮ್ಮೆ ಹುಟ್ಟಿದರೆ ಸಾಯುವುದೇ ಇಲ್ಲ ಎಂಬ ನಿರಾಶೆಗೂ ಕಾರಣವಿಲ್ಲ. ನನ್ನ ತೋಳಿನ ಮೇಲೆ ಸಿಡುಬಿನ ಲಸಿಕೆಯ ಗುರುತು ಇನ್ನೂ ಇದೆ. ಒಂದು ಕಾಲದಲ್ಲಿ ಪರದೇಶಕ್ಕೆ ಹೋಗುವವನು ಸಿಡುಬಿನ ಸಾಕ್ಷಿಪತ್ರವನ್ನೂ ಒಯ್ಯಬೇಕಿತ್ತು. ಮೂರು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಬೇಕಿತ್ತು. 1977ರ ಅಕ್ಟೋಬರಿನಲ್ಲಿ ಸೊಮಾಲಿಯದ ಮೆರ್ಕ ಎಂಬ ಊರಿನಲ್ಲಿ ಆಸ್ಪತ್ರೆಯ ಅಡುಗೆಯವ ಅಲಿ ಮಾವೊ ಮಾಲಿನ್ ಎಂಬ ಯುವಕನಿಗೆ ಬಂದದ್ದೇ ಸಹಜವಾಗಿ ಹರಡಿದ ಸಿಡುಬಿನ ಕೊನೆಯ ಪ್ರಕರಣ. ಅವನು ಬದುಕಿದ, ಮುಂದೆ ಪೋಲಿಯೊ ಲಸಿಕೆಯ ಪ್ರಚಾರಕ್ಕೆ ನಿಂತು, ಆ ಕೆಲಸದಲ್ಲಿದ್ದಾಗಲೇ 2013ರಲ್ಲಿ ತೀರಿಕೊಂಡ. ರೋಗ ನಿರ್ಮೂಲವಾಯಿತೆಂದು 1980ರಲ್ಲಿ ಸಾರಿದ ಮೇಲೆ ಆ ಸಾಕ್ಷಿಪತ್ರವೂ ಕಣ್ಮರೆಯಾಯಿತು. ಹಳದಿ ಜ್ವರದ ಪತ್ರವನ್ನೂ ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಿಸುವ ಪದ್ಧತಿ 2016ರ ಜುಲೈಗೆ ಕೊನೆಗೊಂಡಿತು; ಈಗ ಒಮ್ಮೆ ಹಾಕಿಸಿಕೊಂಡರೆ ಬಾಳಿನುದ್ದಕ್ಕೂ ಸಲ್ಲುತ್ತದೆ.

ನಾವಿಬ್ಬರೂ ಬೆಂಚಿನಿಂದ ಎದ್ದು ಒಳಗೆ ಹೋಗಿ ಲಸಿಕೆ ಹಾಕಿಸಿಕೊಂಡೆವು. ಎರಡು ದಿನ ಮೈಕೈ ನೋವು, ಅಷ್ಟೆ. ನನ್ನ ಹೆಂಡತಿ ಹೇಳಿದ ಮಾತೇ ತೀರ್ಮಾನವಾಯಿತು. "ನಮಗೇನಾದೀತೋ ಎಂದು ಯೋಚಿಸುತ್ತಿದ್ದೀರಿ, ನಾವು ಹೊತ್ತು ತಂದರೆ ಊರಿಗೇನಾದೀತು ಎಂದು ಯೋಚಿಸಿದಿರಾ?" ಎಂದಳು. ಕ್ವಾರಂಟೀನು ಕುರಿತ ದೊಡ್ಡ ಗ್ರಂಥಗಳ ಸಾರ ಇದಕ್ಕಿಂತ ಹೆಚ್ಚಿನದೇನೂ ಅಲ್ಲ.

ನೈರೋಬಿಯಲ್ಲಿ ಮಗಳ ನೆರೆಮನೆಯವರು ನಿವೃತ್ತ ಶಾಲಾಮಾಸ್ತರರು. ನಿವೃತ್ತ ಮೇಷ್ಟರುಗಳಿಬ್ಬರು ಕೂಡಿದರೆ ಮಾತಿಗೆ ಬರವೆ? ನನ್ನ ಎರಡು ಪುಸ್ತಕಗಳ ತಾಪತ್ರಯವನ್ನು ಅವರಿಗೆ ಹೇಳಿ ನಕ್ಕೆ. ಅವರು ನಗಲಿಲ್ಲ. ತಮ್ಮ ಅಜ್ಜನಿಗೂ ಒಂದು ಪುಸ್ತಕವಿತ್ತು ಎಂದರು. ಮೊದಲ ಮಹಾಯುದ್ಧದ ತರುವಾಯ ಕೀನ್ಯದಲ್ಲಿ ಬ್ರಿಟಿಷರು ಜಾರಿಗೆ ತಂದ 'ಕಿಪಾಂಡೆ' ಅದು. ಹದಿನಾರು ದಾಟಿದ ಪ್ರತಿಯೊಬ್ಬ ಆಫ್ರಿಕನ್ ಗಂಡಸೂ ಬೆರಳಚ್ಚು ಒತ್ತಿದ, ಯಾವ ಧಣಿಯಲ್ಲಿ ಎಷ್ಟು ದಿನ ದುಡಿದ ಎಂಬ ವಿವರವಿದ್ದ ಆ ಕಾಗದವನ್ನು ಲೋಹದ ಡಬ್ಬಿಯಲ್ಲಿಟ್ಟು ಕೊರಳಿಗೆ ತೂಗಿಕೊಂಡಿರಬೇಕು. 1947ರಲ್ಲಿ ಎಲ್ಲ ಜನಾಂಗದವರಿಗೂ ಒಂದೇ ಬಗೆಯ ಗುರುತಿನ ಚೀಟಿ ಎಂಬ ಕಾನೂನು ಬಂತು. ಡಬ್ಬಿ ಕೊರಳಿಂದ ಇಳಿಯಿತು. "ಆದರೆ ಪೊಲೀಸಿನವನು ಎದುರಿಗೆ ಬಂದರೆ, ಸಾಯುವ ತನಕವೂ, ನನ್ನ ಅಜ್ಜನ ಕೈ ತಾನಾಗಿ ಎದೆಯ ಮೇಲೆ ಹೋಗುತ್ತಿತ್ತು" ಎಂದು ಅವರು ತಮ್ಮ ಎದೆಯನ್ನು ಮುಟ್ಟಿ ತೋರಿಸಿದರು. ನನಗೆ ಮಾತು ಹೊರಡಲಿಲ್ಲ.

ಹಿಂದಿರುಗುವಾಗ ದಾರಿಯುದ್ದಕ್ಕೂ ಆ ಕೈ ನನ್ನ ಕಣ್ಣ ಮುಂದಿತ್ತು. ಇಬ್ನ್ ಬತೂತನ ಕಾಲದ ಮರಳಿನಿಂದ ಇಂದಿನ ತನಕ ಪ್ರಯಾಣಿಕನನ್ನು ಪರೀಕ್ಷಿಸದ ಕಾಲವಿಲ್ಲ. ಪರೀಕ್ಷೆ ಬೇಡವೆಂದು ಹೇಳುವ ಧೈರ್ಯ ನನಗೂ ಇಲ್ಲ. ಆದರೆ ಒಂದೇ ಕಾಗದ ಒಬ್ಬನ ಕೈಯಲ್ಲಿ ರಕ್ಷೆಯಾಗುತ್ತದೆ, ಇನ್ನೊಬ್ಬನ ಕೊರಳಲ್ಲಿ ಸಂಕೋಲೆಯಾಗುತ್ತದೆ. ಎಲ್ಲರಿಗೂ ಸಮವಾಗಿ ಅನ್ವಯಿಸುವ, ಕಾರಣವನ್ನು ಬಿಚ್ಚಿ ಹೇಳುವ, ಕಾರಣ ತೀರಿದ ಮೇಲೆ ತಾನೂ ತೀರುವ ಕಾಗದ ರಕ್ಷೆ. ಸಿಡುಬಿನ ಪತ್ರ ಹಾಗಿತ್ತು. ಕಿಪಾಂಡೆ ಹಾಗಿರಲಿಲ್ಲ. 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಕೋವಿಡ್‌ನ ಹೊಸ ರೂಪವನ್ನು ಗುರುತಿಸಿ ಮರೆಮಾಚದೆ ಜಗತ್ತಿಗೆ ತಿಳಿಸಿದಾಗ, ಅವರಿಗೆ ಸಿಕ್ಕ ಬಹುಮಾನವೆಂದರೆ ಅನೇಕ ದೇಶಗಳು ಆಫ್ರಿಕದ ದಕ್ಷಿಣ ಭಾಗದ ವಿಮಾನಗಳನ್ನು ನಿಲ್ಲಿಸಿದ್ದು. ಆ ರೂಪ ಅಷ್ಟು ಹೊತ್ತಿಗೆ ಬೇರೆ ಖಂಡಗಳಲ್ಲೂ ಇತ್ತು. ಡರ್ಬನ್ ಬಂದರಿನ ಹೊರಗೆ ನಿಂತ ಆ ಎರಡು ಹಡಗುಗಳು ನನಗೆ ಅಂದು ನೆನಪಾದುವು.

ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಆರೋಗ್ಯ ಇಲಾಖೆಯ ತರುಣನೊಬ್ಬ ನಮ್ಮ ಹಳದಿ ಪುಸ್ತಕಗಳನ್ನು ಬಿಡಿಸಿ, ಮುದ್ರೆಯನ್ನೂ ತಾರೀಖನ್ನೂ ನೋಡಿ, "ಆಯಿತು ಸಾರ್, ಹೋಗಿ" ಎಂದು ಹಿಂದಿರುಗಿಸಿದ. ಅದರಲ್ಲಿ ನನ್ನ ಹೆಸರಿತ್ತು, ವೈದ್ಯರ ಸಹಿ ಇತ್ತು, ಲಸಿಕೆಯ ಸಂಖ್ಯೆ ಇತ್ತು. ಅಸಿಬಿಯ ಹೆಸರು ಇರಲಿಲ್ಲ. ಮನೆಗೆ ಬಂದ ಮೇಲೆ ಕೊನೆಯ ಖಾಲಿ ಪುಟದಲ್ಲಿ ಸೀಸದಕಡ್ಡಿಯಿಂದ, ಸಣ್ಣ ಅಕ್ಷರದಲ್ಲಿ, ಆ ಹೆಸರನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಸರ್ಕಾರದ ಕಾಗದದ ಮೇಲೆ ಹಾಗೆ ಬರೆಯಬಾರದು ಎಂಬುದು ನನಗೆ ಗೊತ್ತು.